ನಲವತ್ತು ದಿನ ಬಿಟ್ಟದ್ದು ಈಸ್ಟರ್ ಮಧ್ಯಾಹ್ನವೇ ವಾಪಸ್ ಬಂದರೆ, ಹೊಸ ಬದುಕು ಎಲ್ಲಿ?

ಹಾಸನದ ಮಗಳು

ಎಲ್ಲರಿಗೂ ಈಸ್ಟರ್ ಶುಭಾಶಯ. ಹಬ್ಬದ ಮಾರನೇ ದಿನವೇ ಇಂಥ ವಿಷಯ ತೆಗೆಯುತ್ತಿದ್ದೀನಿ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಅಪ್ಪ ಕುಡಿಯುತ್ತಾರೆ. ಆದರೆ ಈಸ್ಟರ್ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಶುರುವಾಗೋ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದರೆ ಮುಗೀತು, ಆಮೇಲೆ ಮುಟ್ಟೋದಿಲ್ಲ. ಪ್ರತಿ ವರ್ಷವೂ ಹೀಗೇ. ಶುಕ್ರವಾರ ಶಿಲುಬೆ ಹಾದಿ ಪ್ರಾರ್ಥನೆಗೆ ಎಲ್ಲರಿಗಿಂತ ಮುಂಚೆ ಹೋಗಿ ಶಿಲುಬೆ ಹಿಡಿಯೋರು ಅವರೇ. ಆ ದಿನಗಳಲ್ಲಿ ಮನೆಯಲ್ಲಿ ಒಂದು ಜೋರು ಮಾತಿಲ್ಲ. ರಾತ್ರಿ ಗೇಟಿನ ಸದ್ದಾದರೆ ಅಮ್ಮ ಬೆಚ್ಚಿಬೀಳೋದಿಲ್ಲ.

ಈಸ್ಟರ್ ಮಧ್ಯಾಹ್ನ ಚಿಕ್ಕಪ್ಪ, ಮಾವ ಎಲ್ಲ ಊಟಕ್ಕೆ ಸೇರುತ್ತಾರೆ. "ಹಬ್ಬ ಅಲ್ವಾ, ಉಪವಾಸ ಮುಗೀತಲ್ಲ" ಅಂತ ಬಾಟಲಿ ಟೇಬಲ್ ಮೇಲೆ ಬರುತ್ತೆ. ನಿನ್ನೆಯೂ ಬಂತು. ಸಂಜೆ ಏನಾಯಿತು ಅಂತ ಬರೆಯೋದು ಬೇಡ.

ಬೆಳಿಗ್ಗೆ ಪ್ರಸಂಗದಲ್ಲಿ ಫಾದರ್ ಹೇಳಿದ್ದು, ಈಸ್ಟರ್ ಅಂದ್ರೆ ಕ್ರೈಸ್ತರಿಗೆ ಹೊಸ ಆರಂಭ ಅಂತ. ನಮ್ಮನೇಲಿ ಉಲ್ಟಾ. ಅಮ್ಮ ಎದುರು ನೋಡೋದು ತಪಸ್ಸು ಕಾಲವನ್ನ. ಹೆದರೋದು ಈಸ್ಟರ್‌ಗೆ. ಇದನ್ನು ಯಾರ ಹತ್ತಿರ ಹೇಳೋಣ?

ಜಗಳಕ್ಕೆ ಕೇಳುತ್ತಿಲ್ಲ. ಈ ಹೊಸ ಬದುಕು ಅನ್ನೋದು ಪ್ರಸಂಗದ ಮಾತು ಅಷ್ಟೇನಾ, ಅಥವಾ ನಿಮ್ಮ ಮನೆಗಳಲ್ಲಿ ಏನಾದರೂ ನಿಜವಾಗಿ ಬದಲಾಗಿದೆಯಾ?

ಕಾಫಿ ತೋಟ

ನಮ್ಮನೇಲೂ ಇದೇ. ಅಪ್ಪನ ಜಾಗದಲ್ಲಿ ಅಣ್ಣ, ಅಷ್ಟೇ ವ್ಯತ್ಯಾಸ.

ಪಾಲನಾ ಸಮಿತಿ ಅಂಕಲ್

ತಂಗಿ, ನಿನ್ನ ಕಷ್ಟ ಅರ್ಥ ಆಗುತ್ತೆ. ಆದರೆ ನಿಮ್ಮ ತಂದೆ ಅಷ್ಟು ದಿನ ಬಿಟ್ಟಿದ್ದಾರೆ ಅನ್ನೋದೇ ದೊಡ್ಡದು. ಎಷ್ಟು ಜನ ಒಂದು ವಾರ ಬಿಡೋದಿಲ್ಲ. ಅದನ್ನು ಮೆಚ್ಚೋದು ಬಿಟ್ಟು ಹಬ್ಬವನ್ನೇ ಬೈದರೆ ಹೇಗೆ? ಅದೂ ಮನೆ ವಿಷಯ ಹೀಗೆ ನಾಲ್ಕು ಜನರ ಮುಂದೆ ಹಾಕೋದು ನನಗೆ ಸರಿ ಕಾಣಲಿಲ್ಲ. ಫಾದರ್ ಹತ್ತಿರ ಹೋಗಿ ಮಾತಾಡಮ್ಮ.

ಕಾಫಿ ತೋಟ

ಅಂಕಲ್, ಅವಳು ಯಾರ ಹೆಸರೂ ಹೇಳಿಲ್ಲ. ಯಾರ ಮಾನ ಹೋಯಿತು? ಮನೇಲೇ ಮುಚ್ಚಿಟ್ಟುಕೊಂಡು ಮುಚ್ಚಿಟ್ಟುಕೊಂಡೇ ನಮ್ಮ ಹೆಂಗಸರು ಅರ್ಧ ಸತ್ತಿದ್ದಾರೆ.

ಬರೀ ಓದುಗ

ನಾನು ಕ್ರೈಸ್ತ ಅಲ್ಲ. ಕಾಲೇಜಿನಿಂದ ಜೊತೆಗಿರೋ ಸ್ನೇಹಿತರಿಂದಾಗಿ ಈ ಗುಂಪಿನಲ್ಲಿದ್ದೀನಿ. ಇದನ್ನು ಓದಿದಾಗ ನಮ್ಮ ಬೀದಿಯೇ ಕಣ್ಣ ಮುಂದೆ ಬಂತು. ಅಯ್ಯಪ್ಪ ಮಾಲೆ ಹಾಕಿದವರು 41 ದಿನ ಬರಿಗಾಲು, ತಣ್ಣೀರು ಸ್ನಾನ, ಸಿಗರೇಟೂ ಇಲ್ಲ. "ಸ್ವಾಮಿ" ಅಂತಲೇ ಕರೆಯಬೇಕು. ಶಬರಿಮಲೆಯಿಂದ ಬಂದು ಮಾಲೆ ತೆಗೆದ ರಾತ್ರಿನೇ ಬಾರ್ ಮುಂದೆ ಗಾಡಿ ನಿಂತಿರುತ್ತೆ. ಎಲ್ಲರೂ ಹಾಗಲ್ಲ. ಆದರೆ ಗೊತ್ತಿರೋರು ಇದ್ದಾರೆ. ಶ್ರಾವಣ ಮುಗಿದ ಮಾರನೇ ದಿನ ಮಟನ್ ಅಂಗಡಿ ಮುಂದೆ ಕ್ಯೂ ನೋಡಿ.

ಹಾಗಾಗಿ ಇದು ಬರೀ ನಿಮ್ಮ ಕಾಯಿಲೆ ಅಲ್ಲ. ಆದರೆ ನನಗೊಂದು ಡೌಟು. ನಮ್ಮಲ್ಲಿ ವ್ರತ ಅಂದ್ರೆ ಅವಧಿ ಮುಗಿದ ಮೇಲೆ ಮುಗೀತು, ಅದರಲ್ಲಿ ಮುಚ್ಚುಮರೆ ಇಲ್ಲ. ನಿಮ್ಮಲ್ಲಿ ಮುಗಿಯೋ ದಿನವನ್ನೇ "ಆರಂಭ" ಅಂತೀರಲ್ಲ, ಅದು ಹೇಗೆ?

ಉಪದೇಶಿ ಮೇಷ್ಟ್ರು

ಬರೀ ಓದುಗರ ಡೌಟಿಗೆ ಉತ್ತರ ಹೇಳಿದರೆ ಹಾಸನದ ತಂಗಿಗೂ ಅರ್ಧ ಉತ್ತರ ಸಿಕ್ಕೀತು. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ.

ತಪಸ್ಸು ಕಾಲ ಶುರುವಾಗಿದ್ದು ಏನನ್ನೋ ಬಿಡೋ ಸ್ಪರ್ಧೆಯಾಗಿ ಅಲ್ಲ. ಜ್ಞಾನಸ್ನಾನಕ್ಕೆ, ಅಂದ್ರೆ ಕ್ರೈಸ್ತರಾಗುವ ನೀರಿನ ಸಂಸ್ಕಾರಕ್ಕೆ, ತಯಾರಾಗುವ ದೊಡ್ಡವರ ತರಬೇತಿ ಆಗಿತ್ತು ಅದು. 4ನೇ ಶತಮಾನದ ಜೆರುಸಲೇಮಿನಲ್ಲಿ ಬಿಷಪ್ ಸಿರಿಲ್ ಆ ಹೊಸಬರಿಗೆ ಮಾಡಿದ ಉಪದೇಶಗಳು ಇವತ್ತಿಗೂ ಉಳಿದಿವೆ. ಈಸ್ಟರ್ ಹಿಂದಿನ ರಾತ್ರಿ ಅವರನ್ನು ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿಸುತ್ತಿದ್ದರು. ಅದು ಕತ್ತಲ ದಿಕ್ಕು. ಕೈ ಚಾಚಿ, ಸೈತಾನ ಎದುರಿಗೇ ನಿಂತಿದ್ದಾನೆ ಅನ್ನೋ ಹಾಗೆ, "ನಿನ್ನನ್ನು ತ್ಯಜಿಸುತ್ತೇನೆ" ಅನ್ನಬೇಕು. ಆಮೇಲೆ ಪೂರ್ವಕ್ಕೆ ತಿರುಗಿ ವಿಶ್ವಾಸ ಹೇಳಬೇಕು. ನೀರಿಗಿಳಿದು ಮೇಲೆ ಬಂದವರಿಗೆ ಬಿಳಿ ಬಟ್ಟೆ. ಅದನ್ನು ಒಂದು ವಾರ ತೊಟ್ಟು ದಿನಾ ಉಪದೇಶ ಕೇಳೋಕೆ ದೇವಾಲಯಕ್ಕೆ ಬರಬೇಕು. ಸಂತ ಅಗಸ್ಟೀನ್ ಕೂಡ ಹೀಗೆ ಮಿಲಾನಿನಲ್ಲಿ, 387ರ ಈಸ್ಟರ್ ರಾತ್ರಿ, ಬಿಷಪ್ ಆಂಬ್ರೋಸ್ ಕೈಯಿಂದ ಜ್ಞಾನಸ್ನಾನ ಪಡೆದದ್ದು.

ಅಂದರೆ ನಲವತ್ತು ದಿನ ಪೀಠಿಕೆ ಅಷ್ಟೇ. ಕಥೆ ಇರೋದು ಆಮೇಲೆ. ಈಸ್ಟರ್‌ನಿಂದ ಶುರುವಾಗೋ ಪಾಸ್ಖ ಕಾಲ, ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದ ಪೆಂತೆಕೋಸ್ತ್ ಹಬ್ಬದ ತನಕ ಐವತ್ತು ದಿನ. ತಪಸ್ಸು ಕಾಲಕ್ಕಿಂತ ಉದ್ದ! ಆದರೆ ನಲವತ್ತನ್ನು ಎಣಿಸದ ಕ್ರೈಸ್ತ ಇಲ್ಲ, ಐವತ್ತನ್ನು ಎಣಿಸಿದವರನ್ನು ನಾನು ನೋಡಿಲ್ಲ.

ಇದರಲ್ಲಿ ನಮ್ಮ ಧರ್ಮಕೇಂದ್ರಗಳ ತಪ್ಪೂ ಇದೆ. ತಪಸ್ಸು ಕಾಲದಲ್ಲಿ ಶಿಲುಬೆ ಹಾದಿ, ಧ್ಯಾನಕೂಟ, ಪಾಪನಿವೇದನೆ, ಕೈಕಾಲು ಬಿಡುವಿಲ್ಲದಷ್ಟು ಕಾರ್ಯಕ್ರಮ. ಈಸ್ಟರ್ ಮುಗಿದರೆ ಗಾಯನ ತಂಡಕ್ಕೆ ರಜೆ, ಉಪದೇಶ ತರಗತಿಗೆ ರಜೆ, ಫಾದರ್ ಊರಿಗೆ. ಆ ಮನುಷ್ಯನ ಕೈ ಹಿಡಿದಿದ್ದ ಎಲ್ಲವನ್ನೂ ಒಂದೇ ದಿನ ಬಿಡಿಸಿಬಿಡುತ್ತೇವೆ. ಆಮೇಲೆ ಬಿದ್ದರೆ "ನೋಡಿ, ಬಿದ್ದ" ಅಂತೀವಿ.

ಮೂಲೆ ಬೆಂಚು

"ಫಾದರ್ ಊರಿಗೆ" 😂 ಮೇಷ್ಟ್ರೇ, ಹೊರಗಿನ ಶತ್ರು ಬೇಕಿಲ್ಲ ನಮಗೆ.

ಮೇಣದ ಹನಿ

ಮೇಷ್ಟ್ರು ಹೇಳಿದ್ದು ಸರಿ, ಆದರೆ ಈಸ್ಟರ್ ಹಿಂದಿನ ಶನಿವಾರ ರಾತ್ರಿ ಜಾಗರಣೆ ಪೂಜೆಗೆ ಬರೋರು ಎಷ್ಟು ಜನ? ನಮ್ಮನೇಲಿ ಎಲ್ಲರೂ ಭಾನುವಾರ ಬೆಳಿಗ್ಗೆ ಎಂಟರ ಪೂಜೆ. ನಾನೊಬ್ಬಳೇ ಹೋಗೋದು. ಹೊರಗೆ ಹೊಸ ಬೆಂಕಿ ಹಾಕಿ, ಆ ದೊಡ್ಡ ಪಾಸ್ಖ ಮೇಣದಬತ್ತಿ ಮೇಲೆ ಶಿಲುಬೆ, ಆಲ್ಫಾ, ಓಮೆಗಾ, ಆ ವರ್ಷದ ನಾಲ್ಕು ಅಂಕಿ ಕೊರೆದು, ಐದು ಧೂಪದ ಮೊಳೆ ಚುಚ್ಚಿ ಹಚ್ಚುತ್ತಾರೆ. ಒಳಗೆ ಒಂದು ಲೈಟೂ ಇರೋದಿಲ್ಲ. ಅದರಿಂದ ನಮ್ಮ ಸಣ್ಣ ಬತ್ತಿಗಳಿಗೆ ಒಬ್ಬರಿಂದ ಒಬ್ಬರಿಗೆ ಬೆಂಕಿ ಬರುತ್ತೆ. ಈ ಸಲ ನನ್ನ ಮುಂದಿದ್ದ ಮಗು ತಿರುಗಿ ತಿರುಗಿ ತನ್ನ ಬತ್ತಿ ಆರಿಲ್ಲ ಅಂತ ನನಗೆ ತೋರಿಸುತ್ತಿತ್ತು. ಪೇಪರ್ ಕಪ್ಪಿಗೆ ತೂತು ಮಾಡಿ ಬತ್ತಿ ಸಿಕ್ಕಿಸಿದ್ದರೂ ಮೇಣ ಮಾತ್ರ ನನ್ನ ಸೀರೆ ಸೆರಗಿಗೇ ಬಿತ್ತು.

ಅದೇ ಪೂಜೆಯಲ್ಲಿ ಬತ್ತಿ ಹಿಡಿದೇ ಜ್ಞಾನಸ್ನಾನದ ವಾಗ್ದಾನ ಮತ್ತೆ ಹೇಳೋದು. ಸೈತಾನನ್ನು ತ್ಯಜಿಸುತ್ತೀರಾ? ಅವನ ಕೆಲಸಗಳನ್ನು? "ತ್ಯಜಿಸುತ್ತೇವೆ" ಅಂತ ಎಲ್ಲರೂ ಕೂಗುತ್ತಾರೆ. ನಾವು ಚಿಕ್ಕವರಿದ್ದಾಗ ನಮ್ಮ ಪರವಾಗಿ ಅಪ್ಪ ಅಮ್ಮ, ಜ್ಞಾನ ತಂದೆತಾಯಿ ಹೇಳಿದ್ದು. ಈಗ ನಮ್ಮ ಬಾಯಲ್ಲೇ ಹೇಳಬೇಕು.

ಸೋಮಾರಿ ಸಿಂಹ

ಮೂರು ಗಂಟೆ ಪೂಜೆ ಅಕ್ಕ. ಒಂಬತ್ತು ಬೈಬಲ್ ವಾಚನ. ಆದಿಕಾಂಡದಿಂದ ಶುರು ಮಾಡ್ತಾರೆ!

ಉಪದೇಶಿ ಮೇಷ್ಟ್ರು

ಹಳೇ ಒಡಂಬಡಿಕೆಯ ಏಳನ್ನೂ ಓದಲೇಬೇಕು ಅಂತಿಲ್ಲ, ಮೂರಕ್ಕೆ ಇಳಿಸಬಹುದು. ಆದರೆ ವಿಮೋಚನಾಕಾಂಡ 14, ಕೆಂಪು ಸಮುದ್ರ ದಾಟಿದ್ದನ್ನು ಮಾತ್ರ ಬಿಡೋ ಹಾಗಿಲ್ಲ.

ಮೇಣದ ಹನಿ

ನಮ್ಮಲ್ಲಿ ಸಂಜೆ ಆರೂವರೆಗೇ ಶುರು ಮಾಡಿದರು ಒಂದು ವರ್ಷ. ಹೊರಗೆ ಇನ್ನೂ ಬೆಳಕು. ಕತ್ತಲೇ ಇಲ್ಲದೆ "ಕ್ರಿಸ್ತರ ಜ್ಯೋತಿ" ಅಂತ ಹಾಡಿದರೆ ಏನು ಚೆಂದ?

ಉಪದೇಶಿ ಮೇಷ್ಟ್ರು

ನಿಯಮ ಸ್ಪಷ್ಟವಾಗಿದೆ. ಕತ್ತಲಾದ ಮೇಲೆ ಶುರುವಾಗಬೇಕು, ಭಾನುವಾರ ಬೆಳಕು ಹರಿಯೋ ಮುಂಚೆ ಮುಗಿಯಬೇಕು. ಆದರೆ ಹಿಂದೆ ಇದಕ್ಕಿಂತ ವಿಚಿತ್ರ ಇತ್ತು. ಶತಮಾನಗಳ ಕಾಲ ಈ ಜಾಗರಣೆ ಪೂಜೆಯನ್ನು ಶನಿವಾರ ಬೆಳಿಗ್ಗೆನೇ ಮಾಡಿ ಮುಗಿಸುತ್ತಿದ್ದರು. 1951ರಲ್ಲಿ ಪೋಪ್ 12ನೇ ಪಿಯುಸ್ ಅದನ್ನು ಮತ್ತೆ ರಾತ್ರಿಗೆ ತಂದರು, ಮೊದಲು ಪ್ರಯೋಗ ಅಂತ.

ಮಡಿಕೇರಿ ಮಂಜು

ಓ, ಅದಕ್ಕೇನಾ! ನಮ್ಮಜ್ಜಿ ಯಾವಾಗಲೂ "ಶನಿವಾರ ಬೆಳಿಗ್ಗೆ ಗಂಟೆ ಹೊಡೆದರೆ ಹಬ್ಬ" ಅನ್ನೋರು. ಅಜ್ಜಿಗೆ ದಿನ ತಪ್ಪಿದೆ ಅಂತ ನಾವು ನಗುತ್ತಿದ್ದೆವು.

ಗದಗಿನ ಸಭೆ

ನಾವು ಸಿಎಸ್‌ಐ ಮಂದಿ. ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟಂಟರು. ನಮ್ಮಲ್ಲಿ ಶನಿವಾರ ರಾತ್ರಿ ಆರಾಧನೆ ಇಲ್ಲ. ಭಾನುವಾರ ನಸುಕಿನಲ್ಲಿ, ಇನ್ನೂ ಕತ್ತಲಿರುವಾಗ ಸ್ಮಶಾನಕ್ಕೆ ಹೋಗುತ್ತೇವೆ. ಗೋರಿಗಳ ಮಧ್ಯೆ ನಿಂತು ಹಾಡ್ತೀವಿ. ಹಾಡು ಮುಗಿಯೋ ಹೊತ್ತಿಗೆ ಪೂರ್ವದಲ್ಲಿ ಕೆಂಪಾಗಿರುತ್ತದೆ. ಜರ್ಮನಿಯ ಹೆರ್ನ್‌ಹುಟ್ ಊರಿನ ಮೊರೇವಿಯನ್ ಪ್ರಾಟೆಸ್ಟಂಟ್ ಪಂಗಡದ ಯುವಕರು 1732ರಲ್ಲಿ ಹೀಗೆ ಸ್ಮಶಾನದ ಗುಡ್ಡ ಹತ್ತಿ ಹಾಡಿದರಂತೆ. ಅಲ್ಲಿಂದ ಎಷ್ಟೋ ಪ್ರಾಟೆಸ್ಟಂಟ್ ಸಭೆಗಳಿಗೆ ಹಬ್ಬಿದ ಪದ್ಧತಿ. ನಮ್ಮವ್ವನ ಗೋರಿ ಅಲ್ಲೇ ಇದೆ. ಹಿಂದಿನ ದಿನ ಹೋಗಿ ಕಸ ತೆಗೆದು ಸುಣ್ಣ ಹೊಡೆದು ಬರ್ತೀನಿ. ವರ್ಷದಾಗ ಅದೊಂದು ಕೆಲಸ ನನಗೆ ಯಾರೂ ನೆನಪು ಮಾಡಬೇಕಾಗಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಮೇಷ್ಟ್ರು ಹೇಳಿದ್ದರಲ್ಲಿ ನನಗೊಂದು ತಕರಾರು. ವಾಗ್ದಾನ, ತ್ಯಜಿಸುತ್ತೇವೆ, ತರಬೇತಿ, ಐವತ್ತು ದಿನದ ಕಾರ್ಯಕ್ರಮ... ಇದೆಲ್ಲ ಮತ್ತೆ ಮನುಷ್ಯನ ತಲೆಯ ಮೇಲೇ ಭಾರ ಹೊರಿಸಿದ ಹಾಗಾಯ್ತಲ್ಲ? ರೋಮಾಪುರದವರಿಗೆ ಬರೆದ ಪತ್ರ 6ನೇ ಅಧ್ಯಾಯದಲ್ಲಿ ಪೌಲನು ಹೇಳೋದು ನಾವು ಕ್ರಿಸ್ತನ ಜೊತೆ ಹೂಣಲ್ಪಟ್ಟಿದ್ದೇವೆ, ಅವನು ಎದ್ದ ಹಾಗೆ ನಾವೂ ಹೊಸ ಜೀವದಲ್ಲಿ ನಡೆಯಬೇಕು ಅಂತ. ಹೂತವನು ತಾನಾಗೇ ಏಳೋದಿಲ್ಲ. ಎಬ್ಬಿಸೋನು ದೇವರು. ತಂಗಿಯ ತಂದೆ ತನ್ನ ಹಟದಿಂದ ನಲವತ್ತು ದಿನ ಎಳೆದರು. ಹಟ ಅಲ್ಲಿಗೇ ಮುಗೀತು.

ಉಪದೇಶಿ ಮೇಷ್ಟ್ರು

ಅದೇ 6ನೇ ಅಧ್ಯಾಯ ನಮ್ಮ ಜಾಗರಣೆ ಪೂಜೆಯಲ್ಲೂ ಓದ್ತೀವಿ ಅಣ್ಣ. ಎಬ್ಬಿಸೋನು ದೇವರೇ, ಒಪ್ಪಿದೆ. ಆದರೆ ಸತ್ತು ಸಮಾಧಿಯಲ್ಲಿದ್ದ ಲಾಜರ ಎದ್ದು ಬಂದಾಗ "ಇವನ ಕಟ್ಟು ಬಿಚ್ಚಿ, ಹೋಗಲು ಬಿಡಿ" ಅಂತ ಯೇಸು ಹೇಳಿದ್ದು ಸುತ್ತ ನಿಂತಿದ್ದವರಿಗೆ. ಆ ಕೆಲಸ ನಮ್ಮದು. ಅದನ್ನು ಹಟ ಅನ್ನೋದಕ್ಕೆ ಆಗೋದಿಲ್ಲ.

ಗದಗಿನ ಸಭೆ

ಲಾಜರನ ಮಾತು ಒಪ್ಪಿದೆ. ಉಳಿದದ್ದು ಒಪ್ಪಲ್ಲ 🙂

ಶಿಫ್ಟ್ ಮುಗಿಸಿದ ನರ್ಸ್

ದೇವಶಾಸ್ತ್ರ ಸ್ವಲ್ಪ ಪಕ್ಕಕ್ಕಿಡಿ. ಹಾಸನದ ತಂಗಿ, ನಿಮಗೆ ಎರಡು ಮಾತು ಹೇಳಲೇಬೇಕು.

ದಿನಾ ಜಾಸ್ತಿ ಕುಡಿಯುವವರು ಒಂದೇ ಸಲಕ್ಕೆ ನಿಲ್ಲಿಸೋದು ಅಪಾಯ. ಮೊದಲ ದಿನವೇ ಕೈ ನಡುಕ, ಬೆವರು, ನಿದ್ದೆ ಇಲ್ಲ ಅಂತ ಶುರುವಾಗಬಹುದು. ಕೆಲವರಿಗೆ ಫಿಟ್ಸ್ ಬರುತ್ತೆ. ಎರಡು ಮೂರು ದಿನ ಕಳೆಯೋ ಹೊತ್ತಿಗೆ ಇಲ್ಲದ್ದೆಲ್ಲ ಕಾಣೋದು, ಎಲ್ಲಿದ್ದೀನಿ ಅಂತ ಗೊತ್ತಾಗದಿರೋದು ಆದರೆ ಪ್ರಾಣಕ್ಕೇ ಸಂಚಕಾರ. ಬೂದಿ ಬುಧವಾರದ ವಾರ ನಮ್ಮ ವಾರ್ಡಿಗೆ ಇಂಥವರು ಬರುತ್ತಾರೆ. ಮನೆಯವರು "ಪಾಪ, ಉಪವಾಸ ಮಾಡಿ ಸುಸ್ತಾಗಿದ್ದಾರೆ" ಅಂದುಕೊಂಡಿರುತ್ತಾರೆ. ನಿಮ್ಮ ತಂದೆಗೆ ಇಷ್ಟು ವರ್ಷ ಏನೂ ಆಗಿಲ್ಲ ಅಂದರೆ ಪುಣ್ಯ. ಮುಂದಿನ ಸಲ ಡಾಕ್ಟರಿಗೆ ಹೇಳಿ ನಿಲ್ಲಿಸಲಿ. ಈಗ ಅದಕ್ಕೆ ಔಷಧಿ ಇದೆ.

ಇನ್ನೊಂದು, ಅಷ್ಟು ದಿನ ಬಿಟ್ಟ ದೇಹಕ್ಕೆ ಅಭ್ಯಾಸ ತಪ್ಪಿರುತ್ತೆ. ಹಳೇ ಅಳತೆಯಲ್ಲೇ ಕುಡಿದರೆ ಮೊದಲಿಗಿಂತ ಜೋರಾಗಿ ಹೊಡೆಯುತ್ತೆ. ಈಸ್ಟರ್ ಸಂಜೆ ಅಷ್ಟು ಕೆಟ್ಟದಾಗಿ ಹೋಗೋದಕ್ಕೆ ಇದೂ ಒಂದು ಕಾರಣ.

ಇದು ಇಚ್ಛಾಶಕ್ತಿ ಇಲ್ಲದ್ದಕ್ಕೆ ಬರೋದಲ್ಲ, ಕಾಯಿಲೆ. ಬೆಂಗಳೂರಿಗೆ ಹೋಗೋಕಾದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರ ಇದೆ. ಇಲ್ಲದಿದ್ದರೆ ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕೇಳಿ. ಸುಮ್ನೆ ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಅಮ್ಮನೂ ಮಾಡಬಹುದು.

ಹಾಸನದ ಮಗಳು

ಸಿಸ್ಟರ್, ಕೈ ನಡುಕ ಪ್ರತಿ ವರ್ಷ ಇರುತ್ತೆ. ಮೊದಲ ವಾರ ಕಾಫಿ ಲೋಟ ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಅದು ಇದಕ್ಕೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ನಂಬರ್ ಬರೆದುಕೊಂಡೆ.

ಪಾಲನಾ ಸಮಿತಿ ಅಂಕಲ್

ನರ್ಸಮ್ಮ ಹೇಳಿದ್ದು ಉಪಯೋಗದ ಮಾತು. ಆದರೆ ಒಂದು ಹೇಳ್ತೀನಿ, ಈ ಚರ್ಚೆ ಈಸ್ಟರ್ ಊಟಕ್ಕೆ ವೈನ್ ಇಡೋದೇ ಪಾಪ ಅನ್ನೋ ಕಡೆಗೆ ಹೋಗುತ್ತಿದೆ. ಕಾನಾ ಮದುವೆಯಲ್ಲಿ ನೀರನ್ನು ದ್ರಾಕ್ಷಾರಸ ಮಾಡಿದ್ದು ಯೇಸುವೇ. ನಾನು ಹಬ್ಬಕ್ಕೆ ಒಂದು ಗ್ಲಾಸ್ ತಗೊಳ್ತೀನಿ, ಅದನ್ನು ಮುಚ್ಚಿಡಲ್ಲ. ಒಬ್ಬರ ಮನೆ ಸಮಸ್ಯೆಗೆ ಎಲ್ಲರೂ ಸನ್ಯಾಸಿಗಳಾಗಬೇಕಾ?

ಮೂಲೆ ಬೆಂಚು

ಕಾನಾ ಬಂತು! ಇಷ್ಟು ಹೊತ್ತು ಯಾಕೆ ಬರಲಿಲ್ಲ ಅಂತ ಕಾಯ್ತಿದ್ದೆ.

ಅಂಕಲ್, ನಿಮ್ಮ ಗ್ಲಾಸಿಗೆ ಯಾರೂ ಕೈ ಹಾಕಿಲ್ಲ. ಬಿಡೋಕೆ ಒದ್ದಾಡುತ್ತಿರೋ ಮನುಷ್ಯನ ಎಲೆ ಪಕ್ಕ ಬಾಟಲಿ ತಂದಿಡೋ ಚಿಕ್ಕಪ್ಪನ ಬಗ್ಗೆ ಮಾತು. ಶುಗರ್ ಇರೋರ ಮುಂದೆ ಜಾಮೂನು ಇಟ್ಟರೆ ಬೈತೀವಿ. ಇಲ್ಲಿ ಮಾತ್ರ "ಹಬ್ಬ ಅಲ್ವಾ".

ಇವತ್ತಿಗೆ ಮಾತ್ರ

ನಾನು ಕುಡಿಯುತ್ತಿದ್ದವನು. ಈಗ ಇಲ್ಲ. ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡೋರ ಬಳಗ) ಸಭೆಗೆ ಹೋಗ್ತೀನಿ. ಹಾಸನದ ತಂಗಿಯ ಅಪ್ಪನ ಕಡೆಯಿಂದ ಒಂದೆರಡು ಮಾತು ಹೇಳೋರು ಇಲ್ಲಿ ಯಾರೂ ಇಲ್ಲ, ಅದಕ್ಕೇ ಬರೀತಿದ್ದೀನಿ.

ತಪಸ್ಸು ಕಾಲದಲ್ಲಿ ಬಿಡೋದು ನನಗೂ ಸುಲಭ ಇತ್ತು. ಯಾಕೆ ಗೊತ್ತಾ? ಯಾರೂ ಕೇಳೋದಿಲ್ಲ. ಬೇಡ ಅಂದ್ರೆ "ಓ, ತಪಸ್ಸು ಕಾಲ" ಅಂತ ಸುಮ್ಮನಾಗ್ತಾರೆ. ಈಸ್ಟರ್ ಮಧ್ಯಾಹ್ನದಿಂದ ಬೇಡ ಅನ್ನೋಕೆ ಕಾರಣ ಹೇಳಬೇಕು. "ನಾನು ಕುಡುಕ, ನನ್ನ ಕೈಲಿ ಒಂದಕ್ಕೆ ನಿಲ್ಲಿಸೋಕೆ ಆಗಲ್ಲ" ಅಂತ ಮಾವಂದಿರ ಮುಂದೆ ಒಪ್ಪಿಕೊಳ್ಳಬೇಕು. ಅಷ್ಟು ಹೇಳೋದಕ್ಕಿಂತ ಕುಡಿಯೋದು ಸುಲಭ. ನಲವತ್ತು ದಿನ ಬಿಟ್ಟಿದ್ದೀನಿ ಅನ್ನೋದೇ ನನಗೆ ಸಾಕ್ಷಿ ಆಗಿತ್ತು, ನೋಡಿ, ನನಗೇನೂ ಚಟ ಇಲ್ಲ, ಬೇಕಾದಾಗ ಬಿಡಬಲ್ಲೆ ಅಂತ. ಅದೇ ನನ್ನನ್ನು ಎಷ್ಟೋ ವರ್ಷ ಕೊಂದಿದ್ದು.

ಆಸ್ಪತ್ರೆಯಲ್ಲಿದ್ದಾಗ ಒಬ್ಬ ಹಳೇ ಫಾದರ್ ಬಂದು ಯೊವಾನ್ನನ ಸುಸಂದೇಶದ 21ನೇ ಅಧ್ಯಾಯ ಓದು ಅಂದರು. ಪುನರುತ್ಥಾನ ಆದ ಮೇಲಿನ ಕಥೆ ಅದು. ಶಿಷ್ಯ ಪೇತ್ರ ಮತ್ತೆ ಮೀನು ಹಿಡಿಯೋಕೆ ಹೋಗಿರ್ತಾನೆ. ದಡದಲ್ಲಿ ಯೇಸು ಇದ್ದಿಲ ಬೆಂಕಿ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಟು ಕಾಯ್ತಿರ್ತಾರೆ. ಪೇತ್ರ ಯೇಸುವನ್ನು ಗೊತ್ತೇ ಇಲ್ಲ ಅಂದಿದ್ದೂ ಇಂಥದ್ದೇ ಇದ್ದಿಲ ಬೆಂಕಿ ಮುಂದೆ ಚಳಿ ಕಾಯಿಸಿಕೊಳ್ಳುತ್ತಾ. ಅವತ್ತು ಮೂರು ಸಲ ಇಲ್ಲ ಅಂದವನಿಗೆ ಈಗ ಮೂರು ಸಲ ಅದೇ ಪ್ರಶ್ನೆ, ನೀನು ನನ್ನನ್ನು ಪ್ರೀತಿಸ್ತೀಯಾ? ಮೂರನೇ ಸಲ ಅವನಿಗೆ ನೋವಾಗುತ್ತೆ ಅಂತಲೇ ಬರೆದಿದೆ. ಮೊದಲು ತಿಂಡಿ ಕೊಟ್ಟರು, ಆಮೇಲೆ ಕೇಳಿದರು. ಆದ್ರೆ ಕೇಳದೇ ಬಿಡಲಿಲ್ಲ.

ನಮ್ಮ ಮನೆಯಲ್ಲಿ ಆದದ್ದು ಇಷ್ಟು. ಹೆಂಡತಿಯ ಅಣ್ಣ ಈಸ್ಟರ್ ಊಟವನ್ನೇ ಅವರ ಮನೆಗೆ ಎತ್ತಿಕೊಂಡು ಹೋದ. ಎಲ್ಲರಿಗೂ ಮೊದಲೇ ಫೋನ್ ಮಾಡಿ ಬಾಟಲಿ ತರಬೇಡಿ ಅಂದ. ನನ್ನ ಹೆಸರು ಹೇಳಲಿಲ್ಲ, ತನಗೇ ಡಾಕ್ಟರ್ ಬೇಡ ಅಂದಿದ್ದಾರೆ ಅಂದ! ಸುಳ್ಳು ಹೇಳಿದ ಪುಣ್ಯಾತ್ಮ.

ಕಾಫಿ ತೋಟ

ಅಣ್ಣ, ಕೈ ಮುಗಿದೆ.

ಪಾಲನಾ ಸಮಿತಿ ಅಂಕಲ್

ಇವರು ಬರೆದದ್ದು ಓದಿದೆ. ಒಳ್ಳೆಯದಾಗಲಿ. ಕಾನಾ ಬಗ್ಗೆ ನನ್ನ ಮಾತು ಹಾಗೇ ಇದೆ.

ಕುವೈತ್ ಕನ್ನಡಿಗ

ನಮಗೆ ಈ ಸಮಸ್ಯೆನೇ ಇಲ್ಲ, ಇಲ್ಲಿ ಮದ್ಯ ನಿಷೇಧ 😀 ರಜೆ ಶುಕ್ರವಾರ, ಶನಿವಾರ. ಈಸ್ಟರ್ ಭಾನುವಾರ ಕೆಲಸದ ದಿನ. ಶನಿವಾರ ರಾತ್ರಿ ಜಾಗರಣೆ ಪೂಜೆಗೆ ಹೋಗಿ ಬಂದು, ಮಲಗಿ, ಬೆಳಿಗ್ಗೆ ಕಂಪನಿ ಬಸ್ ಹತ್ತಿದ್ದೀನಿ. ಪಕ್ಕದ ಸೀಟಿನವನಿಗೆ ಇವತ್ತು ಹಬ್ಬ ಅಂತಲೇ ಗೊತ್ತಿಲ್ಲ. ಊಟ ಇಲ್ಲ, ನೆಂಟರಿಲ್ಲ. ಆದರೆ ಊರಲ್ಲಿದ್ದಾಗ ಈಸ್ಟರ್ ಅಂದ್ರೆ ಮಧ್ಯಾಹ್ನದ ಊಟವೇ ನೆನಪಾಗೋದು, ಇಲ್ಲಿ ಬಂದ ಮೇಲೆ ಆ ರಾತ್ರಿ ಪೂಜೆ.

ದುಬೈ ದಂಪತಿ

ನಮಗೂ ಹಾಗೇ ಇತ್ತು. 2022ರ ಜನವರಿಯಿಂದ ಯುಎಇಯಲ್ಲಿ ವಾರದ ರಜೆ ಶನಿವಾರ, ಭಾನುವಾರಕ್ಕೆ ಬಂತಲ್ಲ, ಈಗ ಈಸ್ಟರ್ ದಿನ ಮನೆಯಲ್ಲೇ. ಸಾನ್ನಾ, ಹಂದಿ ಬಾಫಾತ್ ಎಲ್ಲ ಮಾಡ್ತೀವಿ.

ಮಂಗಳೂರು ಮಾಯಿ

ಹಂದಿ ಬಾಫಾತ್ ಹೆಸರು ತೆಗೆಯಬೇಡಿ, ನಾನು ಹಾಸ್ಟೆಲಿನಲ್ಲಿದ್ದೀನಿ 😭 ಮಾರ್ಜಿಪಾನ್ ಮೊಟ್ಟೆ ಕೂಡ ಇಲ್ಲ ಈ ಸಲ. ಗೋಡಂಬಿ ಅರೆದು ಅಚ್ಚಿಗೆ ಹಾಕಿ ಮೇಲೆ ಐಸಿಂಗ್‌ನಲ್ಲಿ ಹೂ ಬಿಡಿಸೋದು ನಮ್ಮಮ್ಮ. ಅಂದ ಹಾಗೆ ಈಸ್ಟರ್‌ಗೆ ಮೊಟ್ಟೆ ಯಾಕೆ?

ಉಪದೇಶಿ ಮೇಷ್ಟ್ರು

ಯುರೋಪಿನಲ್ಲಿ ಹಿಂದೆ ತಪಸ್ಸು ಕಾಲದಲ್ಲಿ ಮೊಟ್ಟೆಯನ್ನೂ ತಿನ್ನುವ ಹಾಗಿರಲಿಲ್ಲ. ಕೋಳಿ ಮಾತ್ರ ಇಡೋದು ನಿಲ್ಲಿಸುತ್ತಾ? ಹಬ್ಬದ ಹೊತ್ತಿಗೆ ಮನೆ ತುಂಬ ಮೊಟ್ಟೆ.

ಬರೀ ಓದುಗ

ಇನ್ನೊಂದು ಡೌಟು. ಕ್ರಿಸ್ಮಸ್ ಡಿಸೆಂಬರ್ 25, ಬದಲಾಗಲ್ಲ. ಈಸ್ಟರ್ ಯಾಕೆ ಒಂದೊಂದು ವರ್ಷ ಒಂದೊಂದು ದಿನ?

ಮಡಿಕೇರಿ ಮಂಜು

ಮಾರ್ಚ್ 21ರಂದು ಅಥವಾ ಅದಾದ ಮೇಲೆ ಬರೋ ಮೊದಲ ಹುಣ್ಣಿಮೆ, ಅದಾದ ಮೇಲಿನ ಭಾನುವಾರ. ಹಾಗಾಗಿ ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಯಾವಾಗ ಬೇಕಾದರೂ ಬರಬಹುದು. ನಿಮ್ಮ ಯುಗಾದಿ ಅಮಾವಾಸ್ಯೆ ಲೆಕ್ಕ, ನಮ್ಮದು ಹುಣ್ಣಿಮೆ ಲೆಕ್ಕ.

ಸೋಮಾರಿ ಸಿಂಹ

ಆರ್ಥಡಾಕ್ಸ್‌ನವರಿಗೆ ಬೇರೆ ದಿನ ಅಲ್ವಾ?

ಮಡಿಕೇರಿ ಮಂಜು

ಗ್ರೀಸ್, ರಷ್ಯಾ ಕಡೆ ಹಳೇ ಜೂಲಿಯನ್ ಕ್ಯಾಲೆಂಡರ್ ಲೆಕ್ಕ. 2025ರಲ್ಲಿ ಎರಡೂ ಏಪ್ರಿಲ್ 20ಕ್ಕೇ ಬಂದಿತ್ತು. ಮತ್ತೆ ಒಂದೇ ದಿನ ಬರೋದು 2028ರಲ್ಲಿ. ಕೇರಳದ ಸಿರಿಯನ್ ಆರ್ಥಡಾಕ್ಸ್‌ನವರು ನಮ್ಮ ಜೊತೆಗೇ ಮಾಡ್ತಾರೆ.

ಸೋಮಾರಿ ಸಿಂಹ

ನಮ್ಮ ಆಫೀಸಲ್ಲಿ ಒಬ್ಬರು ಪ್ರತಿ ವರ್ಷ ಯೇಸು ಸತ್ತ ದಿನಕ್ಕೇ "ಹ್ಯಾಪಿ ಗುಡ್ ಫ್ರೈಡೇ" ಅಂತ ಕೇಕ್ ಸ್ಟಿಕರ್ ಕಳಿಸ್ತಾರೆ. ನಾನೂ "ಥ್ಯಾಂಕ್ಯೂ ಸರ್" ಅಂತೀನಿ. ಒಳ್ಳೇ ಮನುಷ್ಯ, ಯಾಕೆ ಬೇಜಾರು ಮಾಡೋದು.

ನಿರ್ವಾಹಕ

ಮೊಟ್ಟೆ, ಹುಣ್ಣಿಮೆ, ಬಾಫಾತ್ ಸಾಕು. ವಿಷಯಕ್ಕೆ ಬನ್ನಿ. ಬಾಫಾತ್‌ಗೆ ಬೇರೆ ಎಳೆ ಶುರು ಮಾಡಿ, ನಾನೂ ಬರ್ತೀನಿ.

ಬಿಳಿ ಸೀರೆ

ನಾನು ದೊಡ್ಡವಳಾದ ಮೇಲೆ, ಈಸ್ಟರ್ ಜಾಗರಣೆಯಲ್ಲೇ ಜ್ಞಾನಸ್ನಾನ ಪಡೆದವಳು. ಅಮ್ಮ ಕ್ರೈಸ್ತಳೇ, ಆದರೆ ನಮಗೆ ಚಿಕ್ಕಂದಿನಲ್ಲಿ ಮಾಡಿಸಿರಲಿಲ್ಲ. ಆ ರಾತ್ರಿ ತಲೆ ಮೇಲೆ ಮೂರು ಸಲ ನೀರು ಸುರಿದಾಗ ಅದು ಎಷ್ಟು ತಣ್ಣಗಿತ್ತು ಅಂದ್ರೆ, ಭಕ್ತಿ ಗಿಕ್ತಿ ಎಲ್ಲ ಮರೆತು "ಅಯ್ಯಪ್ಪಾ" ಅಂದೆ. ಮೈಕ್ ಹತ್ತಿರವೇ ಇತ್ತು.

ಪೂಜೆ ಆದ ಮೇಲೆ ಎಲ್ಲರೂ ಬಂದು ಕೈ ಕುಲುಕಿದರು, ಫೋಟೋ ತೆಗೆದರು. ಮುಂದಿನ ಭಾನುವಾರ ಹೋದಾಗ ಒಬ್ಬರೂ ಮಾತಾಡಿಸಲಿಲ್ಲ. ಯಾವ ಬೆಂಚಲ್ಲಿ ಕೂರಬೇಕು ಅಂತ ಗೊತ್ತಾಗದೆ ಬಾಗಿಲ ಹತ್ತಿರ ನಿಂತಿದ್ದೆ. ತಯಾರಿ ನಡೆಯೋವಾಗ ವಾರಾವಾರ ತರಗತಿ ಇತ್ತು, ಕಾಫಿ ಕೊಟ್ಟು ಕಳಿಸೋರು. ಆಮೇಲೆ ಏನೂ ಇಲ್ಲ. ಮೇಷ್ಟ್ರು ಐವತ್ತು ದಿನ ಅಂದಾಗ ಅದೇ ನೆನಪಾಯ್ತು. ಹಿಂದೆಲ್ಲ ಹೊಸಬರಿಗೆ ಆ ವಾರ ದಿನಾ ಉಪದೇಶ ಇರುತ್ತಿತ್ತು ಅಂತ ಇಲ್ಲೇ ಓದಿ ಹೊಟ್ಟೆಕಿಚ್ಚಾಯ್ತು.

ಕೊನೆಗೆ ಒಬ್ಬ ಅಜ್ಜಿ ಬೆಂಚಲ್ಲಿ ಜರುಗಿ "ಬಾ ಇಲ್ಲಿ, ಫ್ಯಾನ್ ಕೆಳಗೆ" ಅಂದರು. ಈಗಲೂ ಅದೇ ಬೆಂಚು.

ಮೂಲೆ ಬೆಂಚು

ಇಷ್ಟೊತ್ತು ತಮಾಷೆ ಮಾಡಿದೆ, ಈಗ ಒಂದು ಗಂಭೀರ ಮಾತು.

ಈಸ್ಟರ್ ದಿನವೇ ಎಲ್ಲ ಬದಲಾಗಿಬಿಡಬೇಕು ಅನ್ನೋ ನಿರೀಕ್ಷೆ ನಮಗೆ ಎಲ್ಲಿಂದ ಬಂತು? ಸುಸಂದೇಶದಲ್ಲಿ ಅಂತೂ ಇಲ್ಲ. ಮಾರ್ಕನ ಸುಸಂದೇಶದ ತುಂಬ ಹಳೆಯ ಪ್ರತಿಗಳು ಮುಗಿಯೋದು ಹೇಗೆ ಗೊತ್ತಲ್ವಾ? ಹೆಂಗಸರು ಸಮಾಧಿಯಿಂದ ನಡುಗುತ್ತಾ ಓಡಿದರು, ಭಯದಿಂದ ಯಾರಿಗೂ ಏನೂ ಹೇಳಲಿಲ್ಲ. ಅಷ್ಟೇ. ಶಿಷ್ಯರು ಬಾಗಿಲು ಚಿಲಕ ಹಾಕಿಕೊಂಡು ಒಳಗೆ. ಇಬ್ಬರು ಬೇಸತ್ತು ಎಮ್ಮಾವುಸ್ ದಾರಿ ಹಿಡಿದರು. ಮಗ್ದಲದ ಮರಿಯಳಿಗೆ ಯೇಸು ತೋಟದ ಮಾಲಿ ಥರ ಕಂಡರು. ತೋಮ ನಂಬೋಕೆ ಇನ್ನೂ ಒಂದು ವಾರ ಬೇಕಾಯ್ತು. ಮೊದಲ ಈಸ್ಟರ್ ಸಂಜೆ ಹೊತ್ತಿಗೆ ಒಬ್ಬರೂ ಸರಿಯಾಗಿರಲಿಲ್ಲ.

ಧೈರ್ಯ ಬಂದಿದ್ದು ಐವತ್ತನೇ ದಿನ. ಅವತ್ತೂ ಜನ ಏನಂದರು? "ಇವರು ಕುಡಿದಿದ್ದಾರೆ" ಅಂದರು. ಪೇತ್ರ ಎದ್ದು ನಿಂತು, ಇಲ್ಲಪ್ಪ, ಇನ್ನೂ ಬೆಳಿಗ್ಗೆ ಒಂಬತ್ತು ಗಂಟೆ ಅಂದ!

ಗದಗಿನ ಸಭೆ

ಹಹ್ಹಾ, ಅಪೊಸ್ತಲರ ಕೃತ್ಯಗಳು 2:15. ಇದನ್ನು ನಮ್ಮ ಅಯ್ಯನವರಿಗೆ ಕಳಿಸ್ತೀನಿ.

ಹಾಸನದ ಮಗಳು

ಎಲ್ಲ ಓದಿದೆ. ಕೆಲವನ್ನು ಅಮ್ಮನಿಗೆ ಓದಿ ಹೇಳಿದೆ. ಎಎ ಅಣ್ಣನವರದ್ದು ಎರಡು ಸಲ ಓದು ಅಂದರು.

ಅಪ್ಪ ಬೆಳಿಗ್ಗೆಯಿಂದ ಕೊಟ್ಟಿಗೆ ಕಡೆ ಇದ್ದಾರೆ, ಮುಖ ಕೊಟ್ಟು ಮಾತಾಡ್ತಿಲ್ಲ. ಇವತ್ತು ಏನೂ ಹೇಳಬೇಡ ಅಂದರು ಅಮ್ಮ. ಚಿಕ್ಕಪ್ಪನಿಗೆ ಮಾತ್ರ ನಾನೇ ಫೋನ್ ಮಾಡ್ತೀನಿ, ನನಗೆ ಯಾರ ಭಯವೂ ಇಲ್ಲ. ಅಣ್ಣ, ಎಎ ಸಭೆಗೆ ಮನೆಯವರು ಬರಬಹುದಾ? ಅಮ್ಮನನ್ನು ಕರೆದುಕೊಂಡು ಹೋಗೋಣ ಅಂತ.

ಇವತ್ತಿಗೆ ಮಾತ್ರ

ಮನೆಯವರಿಗೆ ಅಲನಾನ್ ಅಂತ ಬೇರೆಯೇ ಇದೆ ತಂಗಿ. ಅಪ್ಪ ಬರಲಿ ಬಿಡಲಿ, ಅಮ್ಮ ಹೋಗಬಹುದು. ನಿಮ್ಮ ಕಡೆ ಎಲ್ಲಿ, ಯಾವ ವಾರ ಅಂತ ವಿಚಾರಿಸಿ ಮೆಸೇಜ್ ಮಾಡ್ತೀನಿ. ಚಿಕ್ಕಪ್ಪನ ಹತ್ತಿರ ಜಗಳ ಆಡಬೇಡ. ಅವರಿಗೂ ಗೊತ್ತಿಲ್ಲ, ಅಷ್ಟೇ.

ಕಾಫಿ ತೋಟ

ಜಗಳ ಆಡು ತಂಗಿ. ಒಂದು ಸಲ ಆಡು.

ಉಪದೇಶಿ ಮೇಷ್ಟ್ರು

ನಮ್ಮ ಕಡೆ ಈ ವರ್ಷ ಒಂದು ಪ್ರಯತ್ನ ಮಾಡ್ತಿದ್ದೀವಿ. ಶಿಲುಬೆ ಹಾದಿಗೆ ಬರ್ತಿದ್ದ ಗುಂಪನ್ನು ಅದೇ ಶುಕ್ರವಾರ, ಅದೇ ಹೊತ್ತಿಗೆ ಪೆಂತೆಕೋಸ್ತ್ ತನಕ ಸೇರಿಸೋದು. ಪಾಸ್ಖ ಕಾಲದಲ್ಲಿ ಪೂಜೆಯ ಮೊದಲ ವಾಚನ ಪ್ರೇಷಿತರ ಕಾರ್ಯಕಲಾಪಗಳಿಂದಲೇ (ಗದಗಿನ ಅಣ್ಣ ಅಪೊಸ್ತಲರ ಕೃತ್ಯಗಳು ಅಂದಿದ್ದು ಇದೇ) ಇರುತ್ತಲ್ಲ, ಅದನ್ನೇ ಓದಿ ಮಾತಾಡೋದು. ಅರ್ಧ ಗಂಟೆ. ಎಷ್ಟು ಜನ ಉಳೀತಾರೋ ನೋಡೋಣ.

ಪಾಲನಾ ಸಮಿತಿ ಅಂಕಲ್

ಮೇಷ್ಟ್ರೇ, ಅದರ ಕಾರ್ಯಕ್ರಮ ಹೇಗೆ ಮಾಡಿದ್ದೀರಿ ಕಳಿಸಿ. ನಮ್ಮ ಸಮಿತಿ ಮುಂದೆ ಇಡ್ತೀನಿ. ಆದರೆ ಶುಕ್ರವಾರ ಆಗಲ್ಲ, ಏಪ್ರಿಲ್, ಮೇ ಪೂರ್ತಿ ಮದುವೆ, ನಿಶ್ಚಿತಾರ್ಥ. ಗುರುವಾರ ಸಂಜೆ ಮಾಡಿದರೆ ಜನ ಬರ್ತಾರಾ?

ಸೋಮಾರಿ ಸಿಂಹ

ಗುರುವಾರ ಐಪಿಎಲ್ ಅಂಕಲ್.

ಪಾಲನಾ ಸಮಿತಿ ಅಂಕಲ್

ಐಪಿಎಲ್ ದಿನಾ ಇರುತ್ತಲ್ಲಪ್ಪ. ಆರೂವರೆಗೆ ಶುರು ಮಾಡಿ ಏಳಕ್ಕೆ ಬಿಡ್ತೀವಿ. ನೀನೂ ಬಾ.